ಮೀನಿನ ತೊಟ್ಟಿಯಲ್ಲಿ ಸೀಗಡಿಯ ಪಾಲು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ಪಟ್ಟಣಗಳಿಗೆ ಹೊಸದಲ್ಲ. ಈಚೆಗೆ ಆ ಮೀನುಗಳ ಜೊತೆಯಲ್ಲಿ, ಎರಡು ಮೂರು ಸೆಂಟಿಮೀಟರ್ ಉದ್ದದ ಸಿಹಿನೀರಿನ ಸೀಗಡಿಗಳೂ ಅಂಗಡಿಗಳಲ್ಲಿ ದೊರೆಯುತ್ತಿವೆ. "ಇವನ್ನು ಬಿಟ್ಟರೆ ಸಾಕು, ತೊಟ್ಟಿ ತಾನಾಗಿಯೇ ಶುಚಿಯಾಗುತ್ತದೆ" ಎಂದು ಮಾರುವವರು ಹೇಳುವುದುಂಟು. ಇದು ಅರ್ಧಸತ್ಯವೆಂದೂ, ಉಳಿದರ್ಧವನ್ನು ಅರಿಯದೆ ನಾವು ಅನೇಕ ಜೀವಿಗಳನ್ನು ವ್ಯರ್ಥವಾಗಿ ಕೊಲ್ಲುತ್ತಿದ್ದೇವೆಂದೂ ನನ್ನ ಅಭಿಪ್ರಾಯ.

ಸೀಗಡಿ ಪಾಚಿಯನ್ನು ತಿನ್ನುವುದು ನಿಜ. ಜಲಸಸ್ಯಗಳ ತೊಟ್ಟಿಯನ್ನು ಉದ್ಯಾನದಂತೆ ರಚಿಸುವುದರಲ್ಲಿ ಹೆಸರಾಂತ ಜಪಾನಿನ ತಕಾಶಿ ಅಮಾನೊ (1954–2015) ಅವರು 1980ರ ದಶಕದಲ್ಲಿ ಈ ಗುಣವನ್ನು ಬಳಕೆಗೆ ತಂದರು. ಅವರು ಬಳಸಿದ ಸೀಗಡಿಗೆ ಈಗ ಅವರದೇ ಹೆಸರು. ಆದರೆ ಸೀಗಡಿಯೂ ಮಲ ವಿಸರ್ಜಿಸುವ ಪ್ರಾಣಿಯೇ. ಅದರಿಂದಲೂ ಮೀನುಗಳಿಂದಲೂ ಉಂಟಾಗುವ ಅಮೋನಿಯವನ್ನು ನೈಟ್ರೈಟಾಗಿಯೂ, ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸತಕ್ಕವು ಬ್ಯಾಕ್ಟೀರಿಯಗಳು. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಕೆಲವು ವಾರಗಳೇ ಬೇಕು. ಅಷ್ಟು ಕಾಲ ಕಾಯದೆ ಸೀಗಡಿಯನ್ನು ಬಿಡುವುದೆಂದರೆ ವಿಷದಲ್ಲಿ ಬಿಟ್ಟಂತೆಯೇ ಸರಿ.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತೊಟ್ಟಿಯ ಮೀನುಗಳಿಗೆ ಬಿಳಿಚುಕ್ಕೆಯ ರೋಗ ತಗಲಿತು. ಅಂಗಡಿಯಿಂದ ತಂದ ಔಷಧವನ್ನು, ಶೀಸೆಯ ಮೇಲಿನ ಬರಹವನ್ನು ಓದದೆ, ನೀರಿಗೆ ಹಾಕಿದೆನು. ಮೀನುಗಳು ಚೇತರಿಸಿಕೊಂಡವು, ಎರಡೇ ದಿನಗಳಲ್ಲಿ ಹನ್ನೆರಡು ಸೀಗಡಿಗಳೂ ಸತ್ತವು. ಅನಂತರ ಓದಿ ನೋಡಿದರೆ ಅದರಲ್ಲಿದ್ದುದು ತಾಮ್ರದ ಲವಣ. ಮೀನಿನ ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವುದು ಕಬ್ಬಿಣವುಳ್ಳ ಹಿಮೋಗ್ಲೋಬಿನ್. ಸೀಗಡಿಯಲ್ಲಿ ಆ ಕೆಲಸ ತಾಮ್ರವುಳ್ಳ ಹಿಮೋಸಯನಿನ್ನದು. ತಾಮ್ರವಿಲ್ಲದೆ ಬಾಳಲಾರದ ಈ ಪ್ರಾಣಿಯು ನೀರಿನಲ್ಲಿ ಕರಗಿದ ತಾಮ್ರ ತುಸು ಹೆಚ್ಚಾದರೂ ಬದುಕಲಾರದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮೃತ್ಯುವಾಯಿತು. ಭೌತಶಾಸ್ತ್ರವನ್ನು ಬೋಧಿಸುವ ನಾನು, ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಪ್ರತಿದಿನ ಹೇಳುವ ಎಚ್ಚರಿಕೆಯನ್ನು ಮನೆಯಲ್ಲಿ ಮರೆತಿದ್ದೆ.

ಉಷ್ಣತೆಯ ವಿಚಾರವೂ ಹೀಗೆಯೇ. ಗಾಳಿಯ ಸಂಪರ್ಕವುಳ್ಳ ಒಂದು ಲೀಟರ್ ಸಿಹಿನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9 ಮಿಲಿಗ್ರಾಮ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಮ್ ಮಾತ್ರ. ನೀರು ಬಿಸಿಯಾದಷ್ಟೂ ಪ್ರಾಣಿಗಳಿಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ, ದೊರೆಯುವುದು ಕಡಿಮೆಯಾಗುತ್ತದೆ. ಆಮ್ಲಜನಕವು ನೀರಿನ ಮೇಲ್ಮೈಯಿಂದ ಒಳಸೇರುವುದರಿಂದ, ಕಿರಿದಾಗಿ ಎತ್ತರವಾದ ತೊಟ್ಟಿಗಿಂತ ಅಗಲವಾದುದೇ ಮೇಲು.

ಇನ್ನು ನೆರೆಹೊರೆಯ ಪ್ರಶ್ನೆ. ಬಾಯೊಳಗೆ ಹಿಡಿಸುವ ಸೀಗಡಿಯನ್ನು ಬಹುತೇಕ ಎಲ್ಲ ಮೀನುಗಳೂ ತಿನ್ನುತ್ತವೆ. ಸೀಗಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಬೇಕು. ಹೊಸತು ಗಟ್ಟಿಯಾಗುವವರೆಗೆ ಅದು ನಿರಾಯುಧ. ಆ ಹೊತ್ತಿನಲ್ಲಿ ಅಡಗಲು ದಟ್ಟವಾದ ಜಲಪಾಚಿಯೂ ಗಿಡಗಳೂ ಇರಬೇಕು. ಚಿಪ್ಪಿಗಾಗಿ ನೀರಿನಲ್ಲಿ ಕ್ಯಾಲ್ಸಿಯಂ ಇರಬೇಕು.

"ಇಷ್ಟು ಅಲ್ಪ ಪ್ರಾಣಿಗೆ ಇಷ್ಟೆಲ್ಲ ಏಕೆ?" ಎಂದು ಕೆಲವರು ಕೇಳಬಹುದು. ಹಲವು ಜೀವಿಗಳನ್ನು ಒಂದೇ ನೀರಿನಲ್ಲಿ ಕೂಡಿಹಾಕಿದವರು ನಾವು. ಅವು ತಾವಾಗಿ ಬಂದುವಲ್ಲ. ಆದುದರಿಂದ ತೊಟ್ಟಿಯ ಏರ್ಪಾಡನ್ನು ಅಲ್ಲಿನ ಅತ್ಯಂತ ದುರ್ಬಲ ಜೀವಿಯ ಅಗತ್ಯದಿಂದ ಆರಂಭಿಸತಕ್ಕದ್ದು. ಅದು ಸಾಧ್ಯವಿಲ್ಲದವರು ಸೀಗಡಿಯನ್ನು ಕೊಳ್ಳದಿರುವುದೇ ಲೇಸು.

ಬೇಸರವಾದಾಗ ಅವನ್ನು ಕೆರೆಗೆ ಬಿಡುವುದೂ ಪರಿಹಾರವಲ್ಲ. ಪೂರ್ವ ಏಷ್ಯದ ಕೆಂಪು ಚೆರಿ ಸೀಗಡಿಯು, ವಿದ್ಯುದಾಗಾರದ ಬಿಸಿನೀರು ಸೇರುವ ಜರ್ಮನಿಯ ಗಿಲ್‌ಬಾಖ್ ಹಳ್ಳದಲ್ಲಿ ಈಗಾಗಲೇ ನೆಲೆಯೂರಿದೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ನಮ್ಮವೇ ಆದ ಸಣ್ಣ ಸೀಗಡಿಗಳುಂಟು. ಅವುಗಳ ಮನೆಗೆ ಪರಕೀಯರನ್ನು ನುಗ್ಗಿಸುವ ಅಧಿಕಾರ ನಮಗಿಲ್ಲ.

ವಿದ್ಯಾರ್ಥಿ ಮಿತ್ರರು ಸೀಗಡಿಯನ್ನು ಸಾಕಬಾರದೆಂದು ನಾನು ಹೇಳುತ್ತಿಲ್ಲ, ಸಾಕಬೇಕೆಂದೇ ಹೇಳುತ್ತೇನೆ. ಆದರೆ ಮೊದಲು ಒಂದು ಉಷ್ಣಮಾಪಕವನ್ನೂ ಒಂದು ಟಿಪ್ಪಣಿ ಪುಸ್ತಕವನ್ನೂ ಕೊಳ್ಳಿರಿ. ನೀರನ್ನು ಕೆಲವು ವಾರ ಅಳೆದು ನೋಡಿರಿ. ಸೀಗಡಿಯನ್ನು ಕೊನೆಯಲ್ಲಿ ತನ್ನಿರಿ.