ಸ್ಟೇಟಸ್ಸಿಗೆ ಒಂದು ದಿನ, ಆನೆಗೆ ಅರವತ್ತು ವರ್ಷ

2025ರ ಆಗಸ್ಟ್ ತಿಂಗಳ ಮೊದಲ ಸೋಮವಾರ. ಹಾಜರಿ ಕರೆಯುತ್ತಿದ್ದೆ. ಐದನೇ ತರಗತಿಯ ಹುಡುಗಿಯೊಬ್ಬಳು “ಹಾಜರ್ ಸರ” ಅಂದವಳು ಕೂಡಲೇ ಇಲ್ಲ.

“ಸರ, ನಮ್ಮ ಆನಿ ವಾಪಸ್ ಬರತೈತೇನ್ರಿ?”

ಹಿಂದಿನ ಸಾಲಿನಿಂದ ಒಬ್ಬ ಹೇಳಿದ, “ಅದಕ್ಕ ಕಾಲಾಗ ಗಾಯ ಆಗಿತ್ತಂತ್ರಿ, ದವಾಖಾನಿಗೆ ಒಯ್ದಾರಂತ.” ಇನ್ನೊಬ್ಬ ಬಿಡಬೇಕಲ್ಲ! “ಸುಳ್ಳ್ರಿ ಸರ! ನಮ್ಮ ಕಾಕಾ ಫೋನಿನ್ಯಾಗ ತೋರಿಸ್ಯಾನ. ಆನಿ ಅಳಾಕತ್ತಿತ್ರಿ.”

ಮೂರು ಮಕ್ಕಳು, ಮೂರು ಮನೆಯ ಮೂರು ಮೊಬೈಲು. ನಾನು ಹಾಜರಿ ಪುಸ್ತಕ ಮುಚ್ಚಿದೆ. ಉತ್ತರ ಕೊಡಲು ನನ್ನ ಬಳಿಯೂ ಇದ್ದದ್ದು ಅಂಥದ್ದೇ ಒಂದು ಮೊಬೈಲು!

ಗಡಿಯ ಆಚೆ ಇರುವ ಓದುಗರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ನಮ್ಮ ಹಾತಕಣಂಗಲೆ ತಾಲೂಕಿನ ಪಕ್ಕದಲ್ಲೇ ಶಿರೋಳ ತಾಲೂಕು. ಅಲ್ಲಿಯ ನಾಂದಣಿ ಜೈನ ಮಠದಲ್ಲಿ 1992ರಿಂದ ಒಂದು ಹೆಣ್ಣಾನೆ ಇತ್ತು. ಮಹಾದೇವಿ ಅಂತ ಹೆಸರು, ಮಾಧುರಿ ಅಂತಲೂ ಕರೆಯುತ್ತಿದ್ದರು. ಈ ಭಾಗದ ಪೂಜೆ, ಮೆರವಣಿಗೆಗಳಲ್ಲಿ ಅದನ್ನು ನೋಡುತ್ತಲೇ ಎರಡು ತಲೆಮಾರಿನ ಮಕ್ಕಳು ಬೆಳೆದಿದ್ದಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಮಾತಾಡುವ ನಮ್ಮ ಜನಕ್ಕೆ ಅದು ಮನೆಯ ಮಗಳಿದ್ದಂತೆ.

ಪ್ರಾಣಿದಯಾ ಸಂಸ್ಥೆ ಪೇಟಾ ದೂರು ಕೊಟ್ಟಿತು. ಆನೆ ಒಂಟಿಯಾಗಿದೆ, ಕಾಲಿನಲ್ಲಿ ಹುಣ್ಣಾಗಿದೆ, ಉಗುರು ಬೆಳೆದಿದೆ ಎಂಬ ವರದಿಗಳು ಹೋದವು. ಮಠದವರು ಆರೋಪ ಒಪ್ಪಲಿಲ್ಲ. ಉನ್ನತಾಧಿಕಾರ ಸಮಿತಿ ಆನೆಯನ್ನು ಗುಜರಾತಿನ ಜಾಮನಗರಕ್ಕೆ ಕಳಿಸಬೇಕೆಂದಿತು. 2025ರ ಜುಲೈ 16ರಂದು ಮುಂಬಯಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮನುಷ್ಯರ ಧಾರ್ಮಿಕ ಬಳಕೆಯ ಹಕ್ಕಿಗಿಂತ ಆನೆಯ ಚೆನ್ನಾಗಿ ಬದುಕುವ ಹಕ್ಕು ದೊಡ್ಡದು ಎಂಬುದು ತೀರ್ಪಿನ ಸಾರ. ಜುಲೈ 28ಕ್ಕೆ ಸುಪ್ರೀಂ ಕೋರ್ಟೂ ಹೂಂ ಅಂದಿತು. ಆನೆ ಲಾರಿ ಏರಿ ವನತಾರಾ ಎಂಬ ಕೇಂದ್ರಕ್ಕೆ ಹೋಯಿತು.

ಆಮೇಲೆ ನಡೆದದ್ದನ್ನು ಈ ಜಿಲ್ಲೆ ಮರೆಯುವುದಿಲ್ಲ. ಎಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಆನೆ. ವನತಾರಾ ಅಂಬಾನಿ ಮನೆತನದ್ದು ಅಂತ ಜನ ಜಿಯೋ ಸಿಮ್ ಬಿಟ್ಟು ಬೇರೆ ಕಂಪನಿಗೆ ಹೋದರು. ಆಗಸ್ಟ್ 3ರ ಭಾನುವಾರ ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರದ ಜಿಲ್ಲಾಧಿಕಾರಿ ಕಚೇರಿವರೆಗೆ ಸುಮಾರು 45 ಕಿಲೋಮೀಟರ್ ಮೌನವಾಗಿ ನಡೆದರು. ಮೂರೇ ದಿನಕ್ಕೆ, ಆಗಸ್ಟ್ 6ರಂದು, ನಾಂದಣಿ ಭಾಗದಲ್ಲೇ ಆನೆಗೆ ಪುನರ್ವಸತಿ ಕೇಂದ್ರ ಕಟ್ಟಲು ಸಹಾಯ ಮಾಡುತ್ತೇವೆ ಎಂದು ವನತಾರಾ ಹೇಳಿಕೆ ಕೊಟ್ಟಿತು. ಸರಪಳಿ ಇಲ್ಲದ ಜಾಗ, ಈಜಲು ಹೊಂಡ, ಮರಳಿನ ದಿಬ್ಬ... ಎಲ್ಲ ಅದರಲ್ಲಿತ್ತು.

ನನಗೆ ಕಾಡುವ ಪ್ರಶ್ನೆ ಇದು. ಈ ಮಾತು ಲಾರಿ ಹೊರಡುವ ಮೊದಲೇ ಯಾಕೆ ಆಗಲಿಲ್ಲ?

ನನಗೆ ಹೊಳೆದ ಉತ್ತರ ಹೀಗಿದೆ. ದಾಖಲೆ ಒಂದು ಕಡೆ ಇತ್ತು, ದನಿ ಇನ್ನೊಂದು ಕಡೆ. ಸಂಸ್ಥೆಯ ವೆಬ್‌ಸೈಟಿನಲ್ಲಿ ಅವರ ವಾದ ಇತ್ತು, ಇಂಗ್ಲಿಷಿನಲ್ಲಿ. ಕೋರ್ಟಿನ ಆದೇಶವೂ ಇಂಗ್ಲಿಷಿನಲ್ಲಿ. ಊರಿನ ದುಃಖ ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನ ರೀಲಿನಲ್ಲಿ ಇತ್ತು, ಮರಾಠಿಯಲ್ಲಿ. ವೆಬ್‌ಸೈಟ್ ಓದಿದವರು ನಾಂದಣಿಯ ಅಜ್ಜಿಯ ಕಣ್ಣೀರು ನೋಡಲಿಲ್ಲ. ರೀಲ್ ನೋಡಿದವರು ಪಶುವೈದ್ಯರ ವರದಿ ಓದಲಿಲ್ಲ. ಕನ್ನಡದಲ್ಲಿ ಇದೆಲ್ಲವನ್ನೂ ಒಂದೆಡೆ ಇಟ್ಟ ಪುಟ ನನಗಂತೂ ಸಿಗಲಿಲ್ಲ. ಹೀಗಾಗಿ ಒಂದು ಕಡೆಯವರಿಗೆ ರಕ್ಷಣೆ ಅನ್ನಿಸಿದ್ದು ಇನ್ನೊಂದು ಕಡೆಯವರಿಗೆ ದರೋಡೆ ಅನ್ನಿಸಿತು.

ನಮ್ಮ ಜಿಲ್ಲೆಗೆ ಇದು ಮೊದಲನೆಯದೂ ಅಲ್ಲ. ಜೋತಿಬಾ ದೇವಸ್ಥಾನಕ್ಕೆ 2007ರಲ್ಲಿ ಬಂದ ಸುಂದರ ಎಂಬ ಆನೆಯ ಕಥೆ ಹಿರಿಯರಿಗೆ ನೆನಪಿರಬಹುದು. ಆಮೇಲೆ ಅದನ್ನು ವಾರಣಾನಗರದ ಒಂದು ಶೆಡ್ಡಿನಲ್ಲಿ ಕಟ್ಟಿದ್ದರು. ಅದನ್ನು ಬಿಡಬೇಕೆಂದು 2012ರಲ್ಲೇ ಸರ್ಕಾರದ ಆದೇಶವಾದರೂ ಬಿಡಲಿಲ್ಲ. ಮಾವುತ ಹೊಡೆಯುವ ವಿಡಿಯೋ ಹೊರಬಂತು. ಮನವಿ, ಪತ್ರ, ವಿಡಿಯೋ ಎಲ್ಲ ವೆಬ್‌ಸೈಟಿನಲ್ಲಿ, ಅದರ ಕೊಂಡಿ ಟ್ವಿಟರ್ ಫೇಸ್‌ಬುಕ್‌ನಲ್ಲಿ. ಇಂಗ್ಲೆಂಡಿನ ಹಾಡುಗಾರ ಪಾಲ್ ಮೆಕಾರ್ಟ್ನಿ ತನಕ ಸುದ್ದಿ ಹೋಗಿ ಅವರೂ ದನಿಗೂಡಿಸಿದರು. ಕೊನೆಗೆ 2014ರಲ್ಲಿ ಹೈಕೋರ್ಟ್, ಅದರ ಹಿಂದೆಯೇ ಸುಪ್ರೀಂ ಕೋರ್ಟ್ ಆದೇಶ ಕೊಟ್ಟು, ಜೂನ್ ತಿಂಗಳಲ್ಲಿ ಸುಂದರ ನಮ್ಮ ಬೆಂಗಳೂರಿನ ಬನ್ನೇರುಘಟ್ಟಕ್ಕೆ ಬಂದಿತು.

ಎರಡು ವರ್ಷ ಜನ ಒಂದು ಆನೆಯನ್ನು ಮರೆಯದೇ ಇರಬೇಕಾದರೆ ಬರೀ ಸ್ಟೇಟಸ್ಸಿನಿಂದ ಆಗುತ್ತಿತ್ತೇ? ಸ್ಟೇಟಸ್ಸಿನ ಆಯುಷ್ಯ 24 ಗಂಟೆ. ಆನೆಯದು ಅರವತ್ತು ವರ್ಷ! ಕೂಗಿ ಕರೆಯಲು ಸೋಷಿಯಲ್ ಮೀಡಿಯಾ ಬೇಕು, ಬಂದವರಿಗೆ ಕೂತು ಓದಲು ವೆಬ್‌ಸೈಟ್ ಬೇಕು. ಊರಲ್ಲಿ ಡಂಗುರ ಸಾರುವವನೂ ಇರಬೇಕು, ಚಾವಡಿಯಲ್ಲಿ ದಫ್ತರವೂ ಇರಬೇಕು, ಅಲ್ಲವೇ? ಒಂದು ಕೊರತೆ ಮಾತ್ರ ಅಲ್ಲೂ ಇತ್ತು. ಆ ಹೋರಾಟದ ದೊಡ್ಡ ದನಿಯೆಲ್ಲ ಇಂಗ್ಲಿಷಿನದು. ನಮ್ಮ ಮಕ್ಕಳಿಗೆ ಸುಂದರನ ಹೆಸರೇ ಗೊತ್ತಿರಲಿಲ್ಲ, ನಾನು ಹೇಳುವ ತನಕ.

ದಫ್ತರ ಇಲ್ಲದ ಡಂಗುರ ಏನು ಮಾಡುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಪ್ರಸಂಗ. 2021ರ ಜುಲೈ ನೆರೆಯಲ್ಲಿ ಒಂದು ಫೋಟೋ ಬಂತು. ನೀರಿನ ನಡುವೆ ದಿಬ್ಬದ ಮೇಲೆ ಎಮ್ಮೆಗಳು, “ಕೂಡಲೇ ಬೋಟ್ ಕಳಿಸಿ, ಶೇರ್ ಮಾಡಿ”. ನಾನೂ ನಾಲ್ಕು ಗ್ರೂಪಿಗೆ ಕಳಿಸಿದೆ. ಹಳೆಯ ವಿದ್ಯಾರ್ಥಿಗಳಿಬ್ಬರು ಗಾಡಿ ತಗೊಂಡು ಮಳೆಯಲ್ಲೇ ಹೊರಟೂ ಬಿಟ್ಟರು. ಹೋಗಿ ನೋಡಿದರೆ ಅಲ್ಲಿ ಎಮ್ಮೆಯೂ ಇಲ್ಲ, ದಿಬ್ಬವೂ ಇಲ್ಲ. ಫೋಟೋ 2019ರ ನೆರೆಯದು! ಹುಡುಗರು ನನ್ನ ಮಾತು ನಂಬಿ ಹೋಗಿದ್ದರು. ಹೊಳೆ ಏರುತ್ತಿದ್ದ ಹೊತ್ತಿನಲ್ಲಿ ಅವರಿಗೇನಾದರೂ ಆಗಿದ್ದರೆ? ಅವತ್ತಿನಿಂದ ತಾರೀಖಿಲ್ಲದ ಫೋಟೋ ನಾನು ಮುಂದೆ ಕಳಿಸುವುದಿಲ್ಲ.

ಇನ್ನೊಂದು ಉದಾಹರಣೆ. ಪುಣೆ ಜಿಲ್ಲೆಯ ಜುನ್ನರ ಕಡೆ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಗುತ್ತವೆ. ತಾಯಿ ಬಿಟ್ಟುಹೋಗಿದೆ ಅಂತ ಜನ ಮನೆಗೆ ತಂದರೆ ಮರಿ ಅನಾಥ, ತಾಯಿ ಹುಡುಕುತ್ತಾ ಊರ ಸುತ್ತ. ಅರಣ್ಯ ಇಲಾಖೆಯವರು ಮತ್ತು ಅಲ್ಲಿಯ ಮಾಣಿಕಡೋಹ ಚಿರತೆ ಕೇಂದ್ರದ ವೈದ್ಯರು ಮರಿಗಳನ್ನು ಪರೀಕ್ಷಿಸಿ ಸಿಕ್ಕ ಜಾಗದಲ್ಲೇ ಇಡುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಮರಿಯ ಜೊತೆ ಸೆಲ್ಫಿ ತೆಗೆದು ಹಾಕಿದರೆ ಸಾವಿರ ಲೈಕು ಬರುತ್ತದೆ. “ಮುಟ್ಟಬೇಡಿ, ದೂರ ನಿಲ್ಲಿ, ಫೋನ್ ಮಾಡಿ” ಎಂಬ ಮೂರು ಮಾತು ಎಲ್ಲಾದರೂ ಶಾಶ್ವತವಾಗಿ, ನಮ್ಮ ಭಾಷೆಯಲ್ಲಿ ಬರೆದಿಟ್ಟಿದ್ದರೆ ಮರಿ ಬದುಕುತ್ತದೆ.

ಅದಕ್ಕೇ ನನ್ನ ಸೂಚನೆ. ನಮ್ಮ ಪ್ರತಿಯೊಂದು ಕನ್ನಡ ಶಾಲೆಯೂ ಒಂದು ಸಣ್ಣ ಪುಟ ಮಾಡಲಿ. ಖರ್ಚಿಲ್ಲದ ಬ್ಲಾಗಾದರೂ ಸಾಕು. ಅದರ ಮೇಲ್ಗಡೆ ಎರಡು ನಂಬರ್ ಇರಲಿ. ಕಾಡುಪ್ರಾಣಿ, ಹಾವು ಕಂಡರೆ ಅರಣ್ಯ ಇಲಾಖೆಯ 1926. ದನಕರುಗಳಿಗೆ ಕಾಯಿಲೆ, ಗಾಯವಾದರೆ ಪಶುವೈದ್ಯ ಸೇವೆಯ 1962. ಮಕ್ಕಳಿಗೆ ನೆನಪಿಡುವುದು ಸುಲಭ: 26 ತಿರುಗಿಸಿದರೆ 62! ಹತ್ತಿರದ ಪಶು ದವಾಖಾನೆಯ ವೇಳೆ, ಊರಿನ ಸರ್ಪಮಿತ್ರರನ್ನು ಒಪ್ಪಿಗೆ ಪಡೆದು ಸಂಪರ್ಕಿಸುವ ದಾರಿ, ಇವೂ ಇರಲಿ. ವಾಟ್ಸಾಪಿಗೆ ಹೋಗುವ ಪ್ರತಿ ಸಂದೇಶದ ಕೊನೆಗೆ ಈ ಪುಟದ ಕೊಂಡಿ ಇರಲಿ. ಪ್ರಾಣಿ ಬದುಕಿತೋ ಇಲ್ಲವೋ ಎಂಬ ಕೊನೆಯ ಸುದ್ದಿಯೂ ಅದೇ ಪುಟದಲ್ಲಿ ಬರಲಿ. ನಾವು ಶೇರ್ ಮಾಡಿ ಮರೆಯುವುದು ಅಲ್ಲೇ ನೋಡಿ!

“ಮಾಸ್ತರ, ಪಟ್ಟಿ ತುಂಬೋದ್ರಾಗ ಜೀವ ಹೋಗಾಕತ್ತೈತಿ, ಇದೊಂದು ಹೊಸದಾ?” ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನಿಜ. ಆದರೆ ಈ ಕೆಲಸ ಮಕ್ಕಳೇ ಮಾಡಬಲ್ಲರು. ನಮ್ಮ ತರಗತಿಯಲ್ಲಿ ಒಂದು ವಹಿ ಇಟ್ಟಿದ್ದೇವೆ. ಪ್ರಾಣಿಯ ಸುದ್ದಿ ಬಂದರೆ ನಾಲ್ಕು ಕಾಲಮ್ಮು: ಏನು, ಎಲ್ಲಿ, ಯಾವಾಗ, ಕಣ್ಣಾರೆ ನೋಡಿದವರು ಯಾರು. ನಾಲ್ಕೂ ತುಂಬಿದರೆ ಮಾತ್ರ ಮುಂದೆ ಕಳಿಸುವುದು. ಕನ್ನಡ ಬರವಣಿಗೆಯೂ ಆಯಿತು, ಪರಿಸರ ಪಾಠವೂ ಆಯಿತು.

“ಹಾಗಾದ್ರೆ ಆನೆ ವಿಷಯದಲ್ಲಿ ನಿಮ್ಮ ಪಕ್ಷ ಯಾವುದು?” ಅಂತ ನೀವು ಕೇಳಬಹುದು. ತಪ್ಪಿಸಿಕೊಳ್ಳುವುದಿಲ್ಲ. ಆನೆ ಹಿಂಡಿನ ಪ್ರಾಣಿ. ಮೂವತ್ತಮೂರು ವರ್ಷ ತನ್ನ ಜಾತಿಯ ಜೊತೆಯಿಲ್ಲದೆ ಇದ್ದದ್ದು ಅದಕ್ಕೆ ಕಷ್ಟವೇ, ನಾವು ಎಷ್ಟೇ ಬೆಲ್ಲ ತಿನ್ನಿಸಿದರೂ. ಅದಕ್ಕೆ ಚಿಕಿತ್ಸೆ ಬೇಕಿತ್ತು. ಹಾಗೆಯೇ, ಬೀಳ್ಕೊಡುವಾಗ ಅತ್ತವರ ಪ್ರೀತಿಯೂ ಸುಳ್ಳಲ್ಲ. ಗಾಯ ತೋರಿಸುವ ಕಾಗದ ಆ ಪ್ರೀತಿಯ ಮನೆಗೆ ಅವರ ಮಾತಿನಲ್ಲಿ ಮೊದಲೇ ತಲುಪಿದ್ದರೆ, ಔಷಧಕ್ಕೆ ಮೊದಲು ಓಡುತ್ತಿದ್ದವರು ಅವರೇ ಅಂತ ನನ್ನ ನಂಬಿಕೆ.

ಆ ಹುಡುಗಿಗೆ ಅವತ್ತು ಏನು ಹೇಳಿದೆ ಅಂತೀರಾ? “ಗೊತ್ತಿಲ್ಲವ್ವಾ, ಕೂಡಿ ಓದೋಣು” ಅಂದೆ. ಆದೇಶದ ಮುಖ್ಯ ಭಾಗಗಳನ್ನು ಸರಳ ಕನ್ನಡದಲ್ಲಿ ಬರೆದು, ತಾರೀಖು ಹಾಕಿ ಗೋಡೆಗೆ ಅಂಟಿಸಿದೆವು. ಪಕ್ಕದಲ್ಲೇ ಮಕ್ಕಳು ಆನೆಗೆ ಬರೆದ ಪತ್ರಗಳನ್ನೂ ಅಂಟಿಸಿದೆವು. ಅವಳು ಎರಡನ್ನೂ ಓದಿ ಕೇಳಿದಳು, “ಸರ, ಅದರ ಕಾಲು ಈಗ ಆರಾಮ್ ಆಗೇತೇನ್ರಿ?”

ಆನೆ ಯಾರದು ಎಂಬ ಜಗಳದ ನಡುವೆ ಅದರ ಕಾಲಿನ ಬಗ್ಗೆ ಕೇಳಿದವಳು ಅವಳೊಬ್ಬಳೇ.

ನಿಮ್ಮ ಶಾಲೆಯಲ್ಲೂ ಇಂಥ ಪುಟ ಇದ್ದರೆ, ಇಲ್ಲವೇ ಮಾಡುವ ಮನಸ್ಸಿದ್ದರೆ, ಎರಡು ಸಾಲು ಬರೆದು ತಿಳಿಸಿ. ಕೂಡಿ ಮಾಡೋಣ.