ವೈಟ್‌ಫೀಲ್ಡಿನ ರಾತ್ರಿಯೂಟಕ್ಕೆ ಪೋರ್ಕ್ ಚಾಪ್ಸ್

ಟ್ರಾಫಿಕ್ಕಿನಲ್ಲಿ ಬಸವಳಿದು ಮನೆ ಸೇರುವ ವೈಟ್‌ಫೀಲ್ಡಿನ ಟೆಕ್ಕಿಗಳು ಊಟಕ್ಕೆ ಮೊಬೈಲ್ ಹಿಡಿಯುತ್ತಾರೆ. ಹಂದಿಮಾಂಸ ತಿನ್ನುವವರಿಗಾದರೂ ಇದರ ಅಗತ್ಯವಿಲ್ಲ. ಚಾಪ್ಸ್ ಹುರಿಯಲು ಕಾಲು ಗಂಟೆ ಸಾಕು.

ಈ ಅಡುಗೆ ಊರಿಗೆ ಹೊಸದೇನಲ್ಲ. 1882ರಲ್ಲಿ ಮೈಸೂರು ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಕೊಟ್ಟ ಜಮೀನಿನಲ್ಲಿ ಡಿ.ಎಸ್. ವೈಟ್ ಅವರ ಪ್ರಯತ್ನದಿಂದ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ಊರಿದು. ಕಾಳುಮೆಣಸಿನ ಚಾಪ್ಸ್ ಆ ಸಮುದಾಯದ ಮನೆಯಡುಗೆ.

ಬೆರಳು ದಪ್ಪದ ತುಂಡಿನ ನೀರು ಒರೆಸಿ, ಉಪ್ಪು, ಕಾಳುಮೆಣಸಿನ ಪುಡಿ ಸವರಬೇಕು. ಕಾದ ಕಬ್ಬಿಣದ ಬಾಣಲೆಯಲ್ಲಿ ಮೊದಲು ಕೊಬ್ಬಿನ ಅಂಚನ್ನೇ ನೆಟ್ಟಗೆ ನಿಲ್ಲಿಸಿದರೆ ಅದು ಚುರುಗುಟ್ಟುತ್ತ ಕರಗಿ ಎಣ್ಣೆಯಾಗುತ್ತದೆ. ಅದರಲ್ಲೇ ಎರಡೂ ಬದಿ ಕೆಂಪಗೆ ಹುರಿಯಬಹುದು. ಕೊನೆಗೆ ಕೊಡಗಿನ ಕಾಚಂಪುಳಿ ನಾಲ್ಕು ಹನಿ. ಪಂದಿ ಕರಿಗೆ ಕಪ್ಪು ಹುಳಿ ತರುವ ಇದು ಚಾಪ್ಸಿಗೂ ನಿಂಬೆಗಿಂತ ಚೆನ್ನಾಗಿ ಒಗ್ಗುತ್ತದೆ.

ಅವಸರ ಬೇಯಿಸುವುದರಲ್ಲಿ ಬೇಡ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ತುಂಡುಗಳಿಗೆ ಒಳಗಿನ ಶಾಖ 63 ಡಿಗ್ರಿ ಸೆಲ್ಸಿಯಸ್, ಬಳಿಕ ಮೂರು ನಿಮಿಷದ ವಿರಾಮ ಸಾಕೆಂದಿತು. ಆದರೆ ನಮ್ಮಲ್ಲಿ ಲಾಡಿಹುಳುವಿನ ಭಯವಿದೆ. ಒಳಗೆ ಗುಲಾಬಿ ಬಣ್ಣ ಉಳಿಯದಂತೆ ಬೇಯಿಸುವುದೇ ಸರಿ. ಮಾಂಸ ಎಲ್ಲಿಂದ ಬಂತು, ಅಂಗಡಿಗೆ ಎಫ್‌ಎಸ್‌ಎಸ್‌ಎಐ ಪರವಾನಗಿ ಇದೆಯೇ ಎಂದು ಕೇಳಲು ಗಿರಾಕಿಗಳು ಸಂಕೋಚಪಡಬಾರದು.