ಎದೆಯ ಬಡಿತ, ಕಣ್ಣಿನ ಗುರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಸಂಚರಿಸುವವನಿಗೆ ಗುಡಿಯ ಮಗ್ಗುಲಲ್ಲಿಯೋ ಕೆರೆಯ ದಂಡೆಯಲ್ಲಿಯೋ ವೀರಗಲ್ಲುಗಳು ಎದುರಾಗುತ್ತವೆ. ಹೆದೆಯನ್ನು ಕಿವಿಯವರೆಗೆ ಸೆಳೆದು ನಿಂತ ಬಿಲ್ಲುಗಾರರನ್ನು ಅವುಗಳಲ್ಲಿ ಕಾಣಬಹುದು. ಕಾಲ ಸರಿದಂತೆ ಬಿಲ್ಲು ಹೋಗಿ ಬಂದೂಕು ಬಂದಿತು. ಬೆಳೆಗೆ ನುಗ್ಗುವ ಕಾಡುಹಂದಿಯನ್ನು ಬೆದರಿಸಲೆಂದು ಲೈಸನ್ಸ್ ಪಡೆದು ತಂದ ಬಂದೂಕು ಕೆಲವು ಒಕ್ಕಲು ಮನೆಗಳಲ್ಲಿ ಇಂದಿಗೂ ಉಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಹವ್ಯಾಸಕ್ಕೆ ಮುಕ್ತಾಯ ಹಾಡಿತು. ೧೯೭೪ರಲ್ಲಿ ನೆರೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವೇ ಏರ್ಪಟ್ಟಿತು. ಆದರೆ ಗುರಿಯಿಡುವ ಆಸೆಯನ್ನು ಯಾವ ಕಾಯಿದೆಯೂ ನಿಷೇಧಿಸಲಿಲ್ಲ. ಅದು ಮೃಗವನ್ನು ಬಿಟ್ಟು ಕಾಗದದ ಹಲಗೆಯ ಕಡೆಗೆ ತಿರುಗಿತು, ಅಷ್ಟೆ.

ಇಂಥ ಆಸೆಯುಳ್ಳವನೊಬ್ಬನ ಎದೆಯನ್ನೇ ವೈದ್ಯರು ತೆರೆಯಬೇಕಾಗಿ ಬಂದರೆ ಏನಾದೀತು?

ಹಾನಗಲ್ಲಿನಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆಂದು ಓದುಗರು ಭಾವಿಸಿಕೊಳ್ಳಲಿ. ವಯಸ್ಸು ಅರವತ್ತನ್ನು ದಾಟಿದೆ. ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ. ಶಿಬಿರದಲ್ಲಿ ಮೊದಲ ಸಲ ರೈಫಲ್ ಹಿಡಿದವರು. ಹಿತ್ತಲಿನಲ್ಲಿ ಹತ್ತು ಮೀಟರು ಅಳೆದು, ಮಣ್ಣಿನ ಗೋಡೆಗೆ ಹಲಗೆ ನಿಲ್ಲಿಸಿ, ಸಂಜೆ ಸಂಜೆ ಏರ್ ರೈಫಲಿನಿಂದ ಗುರಿ ಹೊಡೆಯುವುದು ಅವರ ಸಂಧ್ಯಾವಂದನೆ. ವರ್ಷಕ್ಕೊಮ್ಮೆ ಹುಬ್ಬಳ್ಳಿಯ ಕಡೆ ಪಂದ್ಯವಾದರೆ ಶಿಗ್ಗಾಂವಿಯ ಗೆಳೆಯರೊಬ್ಬರೊಡನೆ ಹೋಗಿ ಬರುವುದುಂಟು. ಹೀಗಿರುವಾಗ ಒಂದು ದಿನ ಬೆಳಗಿನ ನಡಿಗೆಯಲ್ಲಿ ಎದೆ ಹಿಂಡಿದಂತಾಯಿತು. ಪರೀಕ್ಷೆಗಳಾದವು. ಹೃದಯಕ್ಕೆ ರಕ್ತವೊಯ್ಯುವ ಮೂರು ನಾಳಗಳು ಕಟ್ಟಿವೆ ಎಂದರು. ಶಸ್ತ್ರಕ್ರಿಯೆಯೂ ಆಯಿತು.

ಈ ಶಸ್ತ್ರಕ್ರಿಯೆಯ ಚರಿತ್ರೆ ಬಹಳ ಹಳೆಯದೇನೂ ಅಲ್ಲ. ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ಹೃದಯವನ್ನು ತೆರೆದು ಸರಿಪಡಿಸುವುದರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಯಶಸ್ವಿಯಾದುದು ೧೯೫೩ರಲ್ಲಿ. ಕಾಲಿನ ರಕ್ತನಾಳವನ್ನು ತೆಗೆದು, ಕಟ್ಟಿದ ನಾಳವನ್ನು ಬಳಸಿ ಹೋಗುವ ಹೊಸ ಹಾದಿಯನ್ನಾಗಿ ಹೊಲಿಯುವ ವಿಧಾನವನ್ನು ಅರ್ಜೆಂಟೀನಾದ ರೆನೆ ಫವಲೋರೋ ಕ್ಲೀವ್‌ಲ್ಯಾಂಡಿನಲ್ಲಿ ನೆಲೆಗೊಳಿಸಿದುದು ೧೯೬೭ರಲ್ಲಿ. ಕಾಲುವೆಯಲ್ಲಿ ಹೂಳು ತುಂಬಿದಾಗ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ ಗದ್ದೆಗೆ ನೀರು ಹರಿಸುವಂತೆಯೇ ಇದು.

ಆದರೆ ಹೃದಯವನ್ನು ಮುಟ್ಟಬೇಕಾದರೆ ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಸೀಳಬೇಕು. ಕೆಲಸ ಮುಗಿದ ಮೇಲೆ ಅದನ್ನು ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಆ ಎಲುಬು ಕೂಡಿಕೊಳ್ಳಲು ಆರರಿಂದ ಎಂಟು ವಾರ, ಪೂರ್ಣ ಬಲ ಬರಲು ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ನಾಲ್ಕೈದು ಕಿಲೋಗಿಂತ ಹೆಚ್ಚಿನ ಭಾರವನ್ನು ಎತ್ತಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಪಂದ್ಯದ ಏರ್ ರೈಫಲಿನ ತೂಕ ಐದೂವರೆ ಕಿಲೋವರೆಗೆ ಇರಬಹುದೆಂದು ನಿಯಮ. ಹನ್ನೆರಡು ಬೋರಿನ ಬಂದೂಕಿನ ತೂಕ ಅಷ್ಟಿಲ್ಲದಿದ್ದರೂ, ಗುಂಡು ಹಾರಿದೊಡನೆ ಅದು ಹೆಗಲಿಗೆ ಕೊಡುವ ಒದೆತ ಹೊಲಿದ ಎದೆಗೆ ಒಳ್ಳೆಯದಲ್ಲ.

ಮನೆಗೆ ಬಂದ ಇಪ್ಪತ್ತನೆಯ ದಿನವೇ ಮಾಸ್ತರರ ಕಣ್ಣು ಅಟ್ಟದ ಕಡೆಗೆ ಹರಿಯಿತು. ಮಡದಿ ಅದನ್ನು ಕಂಡುಬಿಟ್ಟರು.

"ಎದಿಗೆ ತಂತಿ ಹೊಲಿದು ಕಳಿಸ್ಯಾರ. ಅದು ಕೂಡೂತನಕಾರ ಸುಮ್ನ ಕುಂದರ್ರಿ."

ಮಾಸ್ತರರು ಸುಮ್ಮನೆ ಕುಳಿತರು. ಮನೆಯಿಂದ ತಾರಕೇಶ್ವರ ಗುಡಿಯವರೆಗೆ ದಿನಕ್ಕಿಷ್ಟು ಹೆಜ್ಜೆಯೆಂದು ನಡೆದರು. ಶಸ್ತ್ರಕ್ರಿಯೆಯ ತರುವಾಯ ಹಲವರನ್ನು ಆವರಿಸುವ ಮಂಕು ಅವರನ್ನೂ ಆವರಿಸಿತು. ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು. ದೇಹದ ಗಾಯಕ್ಕೆ ಮುಲಾಮು ಉಂಟು. 'ಇನ್ನು ನಾನು ಯಾವುದಕ್ಕೂ ಬಾರದವನು' ಎಂಬ ನೋವಿಗೆ ಮುಲಾಮು ಎಲ್ಲಿದೆ? ಹಿರೇಕೆರೂರಿನಿಂದ ಬಂದ ತಂಗಿ, "ಅಣ್ಣಾ, ಬಂದೂಕು ಮಾರಿಬಿಡು, ಪೀಡಾ ಹೋಗತೈತಿ" ಎಂದಾಗ ಆ ನೋವು ಇಮ್ಮಡಿಯಾಯಿತು.

ಮೂರು ತಿಂಗಳು ಕಳೆದವು. ವೈದ್ಯರು ಎಲುಬನ್ನು ಪರೀಕ್ಷಿಸಿ, ಮೊದಲು ಹಗುರವಾದ ಏರ್ ಪಿಸ್ತೂಲು ಹಿಡಿಯಬಹುದೆಂದು ಒಪ್ಪಿದರು. ಅದರ ತೂಕ ಒಂದೂವರೆ ಕಿಲೋ ಮೀರುವುದಿಲ್ಲ. ಒದೆತವೂ ಇಲ್ಲವೆನ್ನುವಷ್ಟು ಅಲ್ಪ. ಸವಣೂರಿನ ಗೆಳೆಯರೊಬ್ಬರು ತಮ್ಮದನ್ನೇ ತಂದುಕೊಟ್ಟರು. ಮೊದಲ ದಿನ ಮಾಸ್ತರರು ಹತ್ತೇ ಗುಂಡು ಹೊಡೆದರು. ವಿಚಿತ್ರವೆಂದರೆ, ತೋಳು ಸೋತಿದ್ದರೂ ಕೈ ಹಿಂದೆಂದೂ ಇಲ್ಲದಷ್ಟು ಸ್ಥಿರವಾಗಿತ್ತು!

ಇದರ ಗುಟ್ಟು ದೈವಕೃಪೆಯಲ್ಲ, ಗುಳಿಗೆ. ಗುರಿಕಾರನ ದೊಡ್ಡ ವೈರಿ ಅವನ ಹೃದಯವೇ. ಏರ್ ರೈಫಲಿನ ಗುರಿಹಲಗೆಯ ನಡುಬಿಂದುವಿನ ಅಗಲ ಅರ್ಧ ಮಿಲಿಮೀಟರು. ಗಸಗಸೆ ಕಾಳಿಗಿಂತಲೂ ಚಿಕ್ಕದು. ಒಂದೊಂದು ಬಡಿತಕ್ಕೂ ನಳಿಗೆಯ ತುದಿ ತುಸು ಅಲುಗುತ್ತದೆ. ಆದುದರಿಂದ ಪಳಗಿದ ಗುರಿಕಾರರು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ಕುದುರೆ ಎಳೆಯಲು ಕಲಿಯುತ್ತಾರೆ. ಹೃದಯದ ಶಸ್ತ್ರಕ್ರಿಯೆಯಾದ ಅನೇಕರಿಗೆ ವೈದ್ಯರು ಬೀಟಾ ಬ್ಲಾಕರ್ ಎಂಬ ಜಾತಿಯ ಔಷಧಿಯನ್ನು ಕೊಡುತ್ತಾರೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಇಂಥ ಔಷಧಿಯನ್ನು ರೂಪಿಸಿ ೧೯೮೮ರಲ್ಲಿ ನೊಬೆಲ್ ಪಾರಿತೋಷಕದ ಭಾಗಿಯಾದರು. ಅದು ಬಡಿತವನ್ನು ನಿಧಾನಗೊಳಿಸುತ್ತದೆ, ಕೈನಡುಕವನ್ನು ತಗ್ಗಿಸುತ್ತದೆ. ರೋಗಿಗೆ ಅಮೃತವಾದುದು ಪಂದ್ಯದಲ್ಲಿ ಕಳ್ಳಬಲವಾಗುವುದು ಹೀಗೆ. ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯದ ಕಿಮ್ ಜಾಂಗ್ ಸು ಪಿಸ್ತೂಲಿನಲ್ಲಿ ಒಂದು ಬೆಳ್ಳಿ, ಒಂದು ಕಂಚು ಗೆದ್ದರು. ದೇಹದಲ್ಲಿ ಪ್ರೊಪ್ರನಲಾಲ್ ಎಂಬ ಬೀಟಾ ಬ್ಲಾಕರ್ ಕಂಡುಬಂದುದರಿಂದ ಎರಡು ಪದಕಗಳನ್ನೂ ಹಿಂದಿರುಗಿಸಬೇಕಾಯಿತು. ಗುರಿಯ ಆಟದಲ್ಲಿ ಪಂದ್ಯದ ದಿನ ಮಾತ್ರವಲ್ಲ, ಅಭ್ಯಾಸದ ದಿನಗಳಲ್ಲಿಯೂ ಅದು ನಿಷಿದ್ಧ.

ಈಗ ಮಾಸ್ತರರ ಮುಂದೆ ಇಕ್ಕಟ್ಟು ಬಂದು ನಿಂತಿತು. ಹುಬ್ಬಳ್ಳಿಯ ಪಂದ್ಯ ಹತ್ತಿರವಾಗಿದೆ. ಶಿಗ್ಗಾಂವಿಯ ಗೆಳೆಯರು ಪತ್ರದ ಮೇಲೆ ಪತ್ರ ಬರೆಯುತ್ತಿದ್ದಾರೆ. "ಹಿರಿಯರ ಪಂದ್ಯ, ಅಲ್ಲಿ ಯಾರು ಪರೀಕ್ಷೆ ಮಾಡತಾರ? ಸುಮ್ನ ಬರ್ರಿ" ಎಂಬುದು ಅವರ ವಾದ. ಆದರೆ ನಕಲು ಮಾಡಬೇಡವೆಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದ ನಾಲಗೆ ಅದಕ್ಕೊಪ್ಪಲಿಲ್ಲ. ಹಾಗಾದರೆ ಪಂದ್ಯ ಮುಗಿಯುವವರೆಗೆ ಗುಳಿಗೆಯನ್ನೇ ಬಿಟ್ಟರೆ? ಪ್ರಾಮಾಣಿಕತೆಗೆ ಪ್ರಾಮಾಣಿಕತೆಯೂ ಉಳಿಯಿತು, ಪಂದ್ಯವೂ ಉಳಿಯಿತು!

ಕೇಳಿದ ವೈದ್ಯರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಈ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ, ಕಟ್ಟಿಹಾಕಿದ ಹೋರಿಯ ಹಗ್ಗ ಕೊಯ್ದಂತೆ ಹೃದಯ ರಭಸದಿಂದ ಬಡಿದುಕೊಳ್ಳಲಾರಂಭಿಸಬಹುದು, ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಕಡಿಮೆ ಮಾಡುವುದಿದ್ದರೆ ವೈದ್ಯರೇ ನೋಡಿ ಮೆಲ್ಲಮೆಲ್ಲನೆ ಮಾಡಬೇಕು.

"ಗುಳಿಗಿ ಬಿಟ್ಟು ಪದಕ ಗೆದ್ದರ, ಆ ಪದಕ ಹಾಕಾಕ ಕೊರಳು ಉಳೀಬೇಕಲ್ರೀ, ಮಾಸ್ತರ?" ಎಂದರು.

ಅಂದಿನ ರಾತ್ರಿ ಮಾಸ್ತರರು ಬಹಳ ಹೊತ್ತು ಯೋಚಿಸಿರಬೇಕು. ಅವರ ಓದಿನ ಮೇಜಿನ ಮೇಲೆ ಹಂಗೇರಿಯ ಕಾರೊಯ್ ಟಕಾಚ್‌ರ ಕಥೆಯಿತ್ತು. ೧೯೩೮ರಲ್ಲಿ ಕೈಬಾಂಬೊಂದು ಸಿಡಿದು ಬಲಗೈ ಹಾಳಾದ ಆ ಯೋಧರು ಎಡಗೈಯಲ್ಲಿ ಅಭ್ಯಾಸ ಮಾಡಿ, ೧೯೪೮ರ ಲಂಡನ್ನಿನಲ್ಲಿಯೂ ೧೯೫೨ರ ಹೆಲ್ಸಿಂಕಿಯಲ್ಲಿಯೂ ಸ್ವರ್ಣ ಗೆದ್ದರು. ದೂರದ ಮಾತೇಕೆ? ಬೆಂಗಳೂರಿನ ಪ್ರಕಾಶ್ ನಂಜಪ್ಪನವರಿಗೆ ೨೦೧೩ರಲ್ಲಿ ಸ್ಪೇನಿನ ಪಂದ್ಯದ ವೇಳೆಗೆ ಮುಖದ ಒಂದು ಪಾರ್ಶ್ವ ಸ್ತಬ್ಧವಾಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಅವರು ಏರ್ ಪಿಸ್ತೂಲಿನ ಬೆಳ್ಳಿ ತಂದರು. ಇಂಥ ಕಥೆಗಳನ್ನು ಓದಿದವರಿಗೆ, ಹಟವೊಂದಿದ್ದರೆ ಎಲ್ಲವೂ ಮರಳಿ ಬರುವುದೆಂದು ತೋರುತ್ತದೆ. ಆದರೆ ಟಕಾಚ್ ಹಾಳಾದ ಬಲಗೈಯೊಡನೆ ಜಗಳವಾಡಲಿಲ್ಲ; ಅದನ್ನು ಬಿಟ್ಟು ಎಡಗೈಗೆ ಬಂದರು. ಬಿಡಬೇಕಾದುದನ್ನು ಬಿಟ್ಟುದರಿಂದಲೇ ಉಳಿಯಬೇಕಾದುದು ಉಳಿಯಿತು.

ಮಾಸ್ತರರು ಬಿಟ್ಟುದು ಗುಳಿಗೆಯನ್ನಲ್ಲ, ಪಂದ್ಯವನ್ನು. ಶಿಗ್ಗಾಂವಿಗೆ ಪತ್ರ ಹೋಯಿತು: 'ನನ್ನ ಹೆಸರು ಬೇಡ. ಆದರೆ ಅಂಕ ಬರೆಯುವವರು ಬೇಕಾದರೆ ಬರುತ್ತೇನೆ.' ಏರ್ ರೈಫಲು ಎಣ್ಣೆ ಸವರಿಸಿಕೊಂಡು ಅಟ್ಟದಲ್ಲಿಯೇ ಉಳಿಯಿತು, ಮಾರಲಿಲ್ಲ. ಸಂಜೆಯಾದರೆ ಹಿತ್ತಲಿನಲ್ಲಿ ಕುರ್ಚಿ, ಪಕ್ಕದಲ್ಲಿ ನೀರಿನ ತಂಬಿಗೆ, ಇಪ್ಪತ್ತು ಗುಂಡು. ಎದೆ ಎಳೆದಂತಾದರೆ ಅಲ್ಲಿಗೆ ನಿಲುಗಡೆ. ಶಾಲೆಯ ಹಾಜರಿಯಂತೆ ಒಂದು ವಹಿಯಲ್ಲಿ ಅಂದಿನ ಅಂಕ, ಮಗ್ಗುಲಲ್ಲಿ ಅಂದಿನ ನಾಡಿಬಡಿತ. ತಿಂಗಳ ಕೊನೆಗೆ ವೈದ್ಯರು ಎರಡನೆಯದನ್ನು ನೋಡುತ್ತಾರೆ. ಮಾಸ್ತರರು ಮೊದಲನೆಯದನ್ನು ತೋರಿಸುತ್ತಾರೆ.

ತಾಳಿದವನು ಬಾಳಿಯಾನು ಎಂಬುದು ಹಿರಿಯರ ಮಾತು. ತಾಳುವುದೆಂದರೆ ಆಸೆಯನ್ನು ಹೂಳುವುದಲ್ಲ, ಅದಕ್ಕೆ ದೇಹವು ಹೊರಬಲ್ಲಷ್ಟು ಭಾರವನ್ನು ಗೊತ್ತುಮಾಡುವುದು. ಒಂದು ಕಾಲಕ್ಕೆ ಮಾಸ್ತರರು ಎರಡು ಬಡಿತಗಳ ನಡುವೆ ಗುರಿಗಾಗಿ ಬಿಡುವನ್ನು ಹುಡುಕುತ್ತಿದ್ದರು. ಈಗ ಬಡಿತ ಕೇಳಿಸಿದರೆ ಬೇಸರಪಡುವುದಿಲ್ಲ. ಅದು ಬಡಿಯುತ್ತಿದೆಯಲ್ಲ ಎಂದು ಒಂದು ಕ್ಷಣ ಕಾದು, ಆಮೇಲೆ ಕುದುರೆ ಎಳೆಯುತ್ತಾರೆ.